ಹನ್ನೊಂದರ ಮಗ್ಗಿ

ಬೈಕುಲ್ಲಾ,
14 ಜನವರಿ 1973

ಖಂಡಪ್ಪನಿಗೆ ಅಣವೀರಪ್ಪ ಬರೆಸುವುದು.

ಏಳು ವರ್ಷದ ಮೇಲೆ ನನ್ನ ಕಾಗದ ಬಂತೆಂದು ಗಾಬರಿ ಬೀಳಬೇಡ, ಯಾರೂ ಸತ್ತಿಲ್ಲ. ಸಂಕ್ರಾಂತಿಗೆ ನಮ್ಮವ್ವ ಹಗೆಯಿದ್ದವರ ಮನೆಗೂ ಹೋಗಿ ಕುಸುರೆಳ್ಳು ಕೊಟ್ಟು ಬರುತ್ತಿದ್ದಳು. ನನಗೆ ಭಾಂಡುಪ್‌ವರೆಗೆ ಬರುವ ತ್ರಾಣವಿಲ್ಲ, ಅದಕ್ಕೆ ಈ ಕಾಗದ.

ಹಗೆ ಹೋಯಿತೆಂದು ಮಾತ್ರ ತಿಳಿಯಬೇಡ. ನನ್ನ ಮಗ ಗುರಲಿಂಗಪ್ಪ ನನ್ನೊಡನೆ ಜಗಳಾಡಿ ಮನೆ ಬಿಟ್ಟವನು ಆ ರಾತ್ರಿ ಮಲಗಿದ್ದು ನಿನ್ನ ಮನೆಯಲ್ಲಿ. ಬೆಳಗಾದ ಮೇಲೆ ಅವನಿಗೆ ಚಹಾ ಕುಡಿಸಿ ಕಳಿಸಿದೆ, ನನಗೆ ಒಂದು ಮಾತು ಹೇಳಿ ಕಳಿಸಲಿಲ್ಲ. ಅವತ್ತು ಹೋದವನು ಇವತ್ತಿನವರೆಗೆ ಬಂದಿಲ್ಲ. ಮದುವೆಯಾಗಿ ಹತ್ತು ತಿಂಗಳಾಗಿದ್ದ ಹುಡುಗಿಯನ್ನು ನನ್ನ ಹತ್ತಿರ ಬಿಟ್ಟು ಹೋದ. ಅದೇ ಹುಡುಗಿ, ಸೊಸೆ ನೀಲಾಬಾಯಿ, ಈಗ ಎದುರಿಗೆ ಕೂತು ಇದನ್ನು ಬರೆಯುತ್ತಿದ್ದಾಳೆ. ನನ್ನ ಎರಡೂ ಕಣ್ಣಿಗೆ ಪೊರೆ ಬಂದಿದೆ. ಮಿಲ್ಲಿನ ಗೇಟಿನಲ್ಲಿ ಮೂವತ್ತು ವರ್ಷ ಹಾಜರಿ ಬರೆದ ಕಾರಕೂನನಿಗೆ ಈಗ ತನ್ನ ಕೈಬೆರಳು ಕಾಣುವುದಿಲ್ಲ ನೋಡು.

ಕೆಲಸದ ಮಾತಿಗೆ ಬರುತ್ತೇನೆ. ನಮ್ಮ ಹಿರೇಗುಡ್ಡ ಮಠದ ಅಜ್ಜನ ಪದಗಳ ಪುಸ್ತಕ ನಿನಗೆ ನೆನಪಿರಲೇಬೇಕು. 1941ರಲ್ಲಿ ಇಲ್ಲೇ ಬೈಕುಲ್ಲಾದ ಪ್ರೆಸ್ಸಿನಲ್ಲಿ ಅದಕ್ಕೆ ಅಚ್ಚಿನ ಮೊಳೆ ಜೋಡಿಸಿದವನು ನೀನೇ. ಮೂರು ವರ್ಷದಿಂದ ನಾನು ಅದರ ಅಕ್ಷರ ಎಣಿಸುತ್ತಿದ್ದೇನೆ. ನೀಲಾ ಒಂದೊಂದೇ ಅಕ್ಷರ ಓದುತ್ತಾಳೆ, ಅಕ್ಷರಕ್ಕೊಂದು ಹುಣಸೆಬೀಜ ಇಡುತ್ತಾಳೆ, ಹನ್ನೊಂದು ಆದಮೇಲೆ ಒಂದು ಗುಂಪು ಮಾಡುತ್ತಾಳೆ. ನಾನು ಕೈಯಾಡಿಸಿ ಗುಂಪು ನೋಡುತ್ತೇನೆ. ಖಂಡಪ್ಪ, ಇರುವ ನೂರಾ ಮೂವತ್ತೆರಡು ಪದಗಳಲ್ಲಿ ಒಂದರಲ್ಲೂ ಬೀಜ ಉಳಿಯಲಿಲ್ಲ! ಎಂಬತ್ತೆಂಟು, ತೊಂಬತ್ತೊಂಬತ್ತು, ನೂರಾ ಹತ್ತು, ಎಲ್ಲ ಹನ್ನೊಂದರ ಮಗ್ಗಿಯೊಳಗಿನವೇ. ರುದ್ರರು ಎಷ್ಟು ಮಂದಿ? ಹನ್ನೊಂದು. ಪಾಟಿ ಹಿಡಿಯದ ಅಜ್ಜ ಎತ್ತು ಹೊಡೆಯುತ್ತ ಹಾಡಿದ ಪದ ಇವು. ಮನುಷ್ಯನ ಬುದ್ಧಿಯಿಂದ ಇದು ಆಗುವ ಕೆಲಸವೇ? ನಮ್ಮ ಚಾಳಿನ ಮೆಟ್ಟಿಲು ಸುದ್ಧಾ ಮೂವತ್ತಮೂರು. ನಾನು ಎಂದೂ ಎಣಿಸಿರಲಿಲ್ಲ, ನೀಲಾ ಎಣಿಸಿ ಹೇಳಿದಳು.

ಪುಸ್ತಕ ಮತ್ತೊಮ್ಮೆ ಅಚ್ಚಾಗಬೇಕು, ಪ್ರತಿ ಪದದ ಕೆಳಗೆ ಅಕ್ಷರದ ಲೆಕ್ಕ ಬರಬೇಕು. ಮೊದಲು ಜೋಡಿಸಿದ ಕೈಯೇ ಈಗಲೂ ಜೋಡಿಸಬೇಕೆಂದು ನನ್ನ ಹಟ. ಹೂಂ ಅನ್ನು, ಇಲ್ಲ ಅನ್ನು, ಉತ್ತರ ಮಾತ್ರ ಬರೆ.

ಇಂತು,
ಅಣವೀರಪ್ಪ

*

ಭಾಂಡುಪ್,
2 ಫೆಬ್ರವರಿ 1973

ಅಣವೀರಪ್ಪಾ,

ನಿನ್ನ ಕಾಗದ ನೋಡಿ ರುದ್ರವ್ವ ಅಡುಗೆಮನೆಯಿಂದಲೇ ಕೂಗಿದಳು: "ಬೈತಾರೇನ್ರಿ?" "ಬೈದಾನ, ಜೋಡಿಗೆ ಕೆಲಸಾನೂ ಹೇಳ್ಯಾನ" ಎಂದೆ. "ಹಂಗಾರ ಗೆಳೆತನ ಐತಿ ಬಿಡ್ರಿ" ಎಂದಳು. ನನ್ನ ಹೆಂಡತಿಗೆ ಇಂಥದ್ದೆಲ್ಲ ಬೇಗ ತಿಳಿಯುತ್ತದೆ.

ನಾನು ಮಗಳ ಮನೆಯಲ್ಲಿದ್ದೇನೆ. ವಾರಕ್ಕೆ ಮೂರು ದಿನ ಸ್ಟೇಶನ್ನಿನ ಹತ್ತಿರದ ಸಣ್ಣ ಪ್ರೆಸ್ಸಿಗೆ ಹೋಗುತ್ತೇನೆ. ಲಗ್ನಪತ್ರಿಕೆ, ಬಿಲ್ ಬುಕ್ಕು, ಕೆಮ್ಮಿನ ಔಷಧದ ಜಾಹೀರಾತು, ಸಿಕ್ಕಿದ್ದನ್ನೆಲ್ಲ ಜೋಡಿಸುತ್ತೇನೆ. ನಿನ್ನ ಕಾಗದ ಬಂದ ಮರುದಿನ ಕೈ ಸುಮ್ಮನಿರಲಿಲ್ಲ, ಆ ಕೆಮ್ಮಿನ ಔಷಧದ್ದನ್ನು ಎಣಿಸಿದೆ. ಎಪ್ಪತ್ತೇಳು ಅಕ್ಷರ! ನಿನ್ನ ಲೆಕ್ಕದಂತೆ ಆ ಬಾಟಲಿಗೂ ವಿಭೂತಿ ಹಚ್ಚಬೇಕು. ನಗಬೇಡ, ಇನ್ನೂ ಹತ್ತು ಎಣಿಸಿದೆ, ಅವು ಕೂಡಲಿಲ್ಲ. ಹನ್ನೊಂದು ಸಲ ಹುಡುಕಿದರೆ ಒಂದು ಸಲ ಹನ್ನೊಂದು ಸಿಗುವುದು ದೊಡ್ಡ ಮಾತಲ್ಲ. ಇನ್ನೊಂದು ಕೇಳು. ನೀನು ಅಕ್ಷರ ಎನ್ನುವುದು ಯಾವುದನ್ನು? ಒತ್ತಕ್ಷರ ಸೇರಿಸಿ ಒಂದೋ, ಬಿಡಿಸಿ ಎರಡೋ? ನನ್ನ ಕೈಗೆ ಒತ್ತು ಬೇರೆ ಮೊಳೆ, ಸೊನ್ನೆ ಬೇರೆ ಮೊಳೆ. ನನ್ನ ಪ್ರಕಾರ ಎಣಿಸಿದರೆ ಅಜ್ಜನ ಲೆಕ್ಕ ಬೇರೆಯೇ ಆಗುತ್ತದೆ.

ಆದರೆ ನೂರಾ ಮೂವತ್ತೆರಡೂ ಬಂದವು ಎನ್ನುತ್ತೀಯಲ್ಲ. ನಿಜವಾಗಿಯೂ ಎಲ್ಲ ಬಂದವೇ? ಬೀಜ ಎಣಿಸಿದವರು ಯಾರೆಂದೆ?

ನೀಲವ್ವಾ, ಇನ್ನು ಮುಂದಿನದನ್ನು ಗಟ್ಟಿಯಾಗಿ ಓದವ್ವ, ಧ್ವನಿ ಇಳಿಸಬೇಡ. ಅಣವೀರಪ್ಪಾ, ಅಂಧೇರಿಯ ಒಂದು ಕಾರಖಾನೆಯಲ್ಲಿ ರಾಮಪ್ಪ ಎಂಬ ಫಿಟರ್ ಇದ್ದಾನೆ. ನಮ್ಮ ಕಡೆಯವನೇ, ರುದ್ರವ್ವನ ತವರಿನ ಬಳಗ. ಹೆಂಡತಿ ತೀರಿ ಎರಡು ವರ್ಷವಾಯಿತು, ಮಕ್ಕಳಿಲ್ಲ. ನೀಲಾ ಕೆಲಸ ಮಾಡುವ ಕಾಳಿನ ಗೋದಾಮಿನಲ್ಲಿ ಅವಳನ್ನು ನೋಡಿದ್ದಾನೆ, ಉಡಕಿ ಮಾಡಿಕೊಳ್ಳುತ್ತೇನೆ ಎನ್ನುತ್ತಾನೆ. ನಮ್ಮಲ್ಲಿ ಎರಡನೆಯ ಲಗ್ನ ಹೊಸದೇನಲ್ಲ. ವಕೀಲರನ್ನೂ ಕೇಳಿದೆ. ಗಂಡನ ಸುದ್ದಿ ಏಳು ವರ್ಷ ಇಲ್ಲದಿದ್ದರೆ ಕೋರ್ಟು ಬಿಡುಗಡೆ ಕೊಡುತ್ತದಂತೆ. ಜೂನಿಗೆ ಏಳು ತುಂಬುತ್ತದೆ. ಹುಡುಗನ ಸುದ್ದಿ ಇಲ್ಲವೆಂದು ತಂದೆಯಾದ ನೀನು ಒಂದು ಕಾಗದಕ್ಕೆ ಸಹಿ ಹಾಕಬೇಕು, ಅಷ್ಟೇ. ಅವಳಿಗೆ ಇಪ್ಪತ್ತೈದು ವಯಸ್ಸು, ವಿಚಾರ ಮಾಡು.

ನಿನ್ನ,
ಖಂಡಪ್ಪ

*

ಬೈಕುಲ್ಲಾ,
19 ಫೆಬ್ರವರಿ 1973

ಖಂಡಪ್ಪ,

ಪುಸ್ತಕ ಅಚ್ಚುಮಾಡಿಕೊಡು ಅಂದರೆ ನನ್ನ ಸೊಸೆಗೆ ಗಂಡು ನೋಡುತ್ತೀಯಾ? ಮಗನನ್ನು ಕಳಿಸಿದ್ದು ಸಾಲಲಿಲ್ಲವೇನೋ ನಿನಗೆ! ಕೆಮ್ಮಿನ ಔಷಧಕ್ಕೂ ಅಜ್ಜನ ಪದಕ್ಕೂ ಒಂದೇ ಅಳತೆ ಹಿಡಿಯುವವನ ಹತ್ತಿರ ಏನು ಮಾತಾಡಲಿ.

ಆದರೂ ಹೇಳುತ್ತೇನೆ, ಕೇಳು. ನಲವತ್ತೆಂಟನೆಯ ಪದದ ಕೊನೆಯ ಸಾಲು: "ಹೋದ ಜೀವ ಬಂದೀತು, ಕದ ತೆರೆ." ಎಣಿಸು. ಹನ್ನೊಂದೇ ಅಕ್ಷರ, ಹೆಚ್ಚಿಲ್ಲ, ಕಡಿಮೆಯಿಲ್ಲ. ಬೇರೆ ಸಾಲುಗಳೆಲ್ಲ ಒಂದೊಂದು ಅಳತೆ, ಪೂರಾ ಪುಸ್ತಕದಲ್ಲಿ ಒಂಟಿಯಾಗಿ ಹನ್ನೊಂದಕ್ಕೆ ನಿಂತ ಸಾಲು ಇದೊಂದೇ. ಯಾರಿಗಾಗಿ ಹೇಳಿದ್ದು ಇದು? ನನಗೆ ಹೇಳಿದ್ದು. ಅದಕ್ಕೇ ಏಳು ವರ್ಷದಿಂದ ಈ ಕೋಣೆಯ ಬಾಗಿಲಿಗೆ ನಾನು ಅಗಳಿ ಹಾಕಿಸಿಲ್ಲ. ಬಂದವನು ಕದ ಬಡಿದು ಯಾರೂ ಏಳದೆ ತಿರುಗಿ ಹೋದಾನು ಎಂದು ಜೀವ ಹೊಡೆದುಕೊಳ್ಳುತ್ತದೆ.

ಏಳು ಸರಕಾರದ ಲೆಕ್ಕ. ಅಜ್ಜನ ಲೆಕ್ಕ ಹನ್ನೊಂದು. 1977ರ ಜೂನ್‌ವರೆಗೆ ನಾನು ಯಾವ ಕಾಗದಕ್ಕೂ ಸಹಿ ಹಾಕುವುದಿಲ್ಲ. ಅಲ್ಲಿಯವರೆಗೆ ಬಾರದಿದ್ದರೆ ಆಮೇಲೆ ನೋಡೋಣ.

ಬೀಜ ಎಣಿಸಿದವರು ಯಾರು ಅಂತ ಕೇಳಿದೆಯಲ್ಲ. ನೀಲಾ ಎಣಿಸಿದಳು. ಏಳನೆಯ ಇಯತ್ತೆ ಓದಿದವಳು, ದಿನಾ ಗೋದಾಮಿನಲ್ಲಿ ಕಾಳಿನೊಳಗಿನ ಹರಳು ಆರಿಸುವವಳು. ಅವಳ ಕಣ್ಣು ತಪ್ಪುವುದಿಲ್ಲ. ನಿನ್ನ ರಾಮಪ್ಪನ ಮಾತನ್ನು ಅವಳೇ ಓದಿದಳು. "ಏನಂತಿ?" ಎಂದು ಕೇಳಿದೆ. ಒಂದು ಮಾತು ಆಡಲಿಲ್ಲ. ಅದೇ ಅವಳ ಉತ್ತರ ಎಂದು ತಿಳಿ.

ಅಣವೀರಪ್ಪ

ತಾ.ಕ.: ಇದನ್ನು ಮಾವ ಹೇಳಿಲ್ಲ, ನಾನೇ ಬರೆಯುತ್ತಿದ್ದೇನೆ. ಕಾಕಾ, ಸುಮ್ಮನಿದ್ದದ್ದು ಉತ್ತರವಲ್ಲ. ನೀಲಾ.

*

ಭಾಂಡುಪ್,
11 ಮಾರ್ಚ್ 1973

ಅಣವೀರಪ್ಪಾ,

ನಿನ್ನ ಕಾಗದ ಬಂದು ಹದಿನೆಂಟು ದಿನವಾಯಿತು. ನಾಲ್ಕು ಸಲ ಬರೆಯಲು ಕೂತೆ, ನಾಲ್ಕು ಸಲ ಎದ್ದೆ. "ಏನ್ ತಿರಗಾಡತೀರಿ, ಇರವಿ ಹತ್ಯಾವೇನು?" ಎಂದು ರುದ್ರವ್ವ ಬೈದಳು. ಇವತ್ತು ಬರೆದೇ ಏಳುತ್ತೇನೆ.

ಆ ಸಾಲು ಅಜ್ಜನದಲ್ಲ, ನನ್ನದು.

1941ರ ಮಾತು, ನನಗೆ ಆಗ ಇಪ್ಪತ್ತೆರಡು. ಮಠದಿಂದ ಬಂದ ಹಸ್ತಪ್ರತಿಯಲ್ಲಿ ನಲವತ್ತೆಂಟನೆಯ ಪದದ ಕೊನೆಯ ಸಾಲನ್ನು ಹುಳ ತಿಂದಿತ್ತು. ಸಾಲಿನ ಜಾಗದಲ್ಲಿ ತೂತು ಮಾತ್ರ ಇತ್ತು. ಶಿವರಾತ್ರಿಗೆ ಪುಸ್ತಕ ಕೊಡಬೇಕು, ಸಂಜೆಗೆ ಆ ಪುಟಗಳ ಫಾರ್ಮು ಮಶೀನಿಗೆ ಹೋಗಬೇಕು, ಮಾಲಕರು ಊರಲ್ಲಿಲ್ಲ. ಇಂಥಲ್ಲಿ ನಾವು ಹೂವಿನ ಮೊಳೆ ಇಟ್ಟು ಜಾಗ ತುಂಬುತ್ತೇವೆ. ನಮ್ಮಲ್ಲಿದ್ದ ಹೂವೆಲ್ಲ ಅವತ್ತು ಒಂದು ಲಗ್ನಪತ್ರಿಕೆಯ ಚೌಕಟ್ಟಿನಲ್ಲಿ ಸಿಕ್ಕಿಬಿದ್ದಿದ್ದವು. ಒಂದು ಸಾಲು ಖಾಲಿ ಬಿಟ್ಟರೆ ಪದ ಹಲ್ಲು ಬಿದ್ದ ಬಾಯಿಯಂತೆ ಕಾಣುತ್ತಿತ್ತು. ನಾನೇ ಒಂದು ಸಾಲು ಜೋಡಿಸಿದೆ.

ಯಾಕೆ ಅದೇ ಸಾಲು ಎಂದು ಕೇಳು. ನಾನು ಹದಿಮೂರು ವರ್ಷದವನಿದ್ದಾಗ ಮನೆ ಬಿಟ್ಟು ಮುಂಬಯಿಗೆ ಓಡಿಬಂದವನು, ನಿನಗೆ ಗೊತ್ತು. ನಮ್ಮವ್ವ ಊರಲ್ಲಿ ಬಾಗಿಲು ತೆರೆದು ಕೂತಿರುತ್ತಾಳೆಂದು ಅಂದುಕೊಂಡು ಮಲಗುತ್ತಿದ್ದೆ. ಹೋಗುವ ಧೈರ್ಯ ಮಾತ್ರ ಬರಲಿಲ್ಲ, ಅವಳು ತೀರಿದ ಮೇಲೆ ಹೋದೆ. ಆ ಮಧ್ಯಾಹ್ನ ಕೈಗೆ ಬಂದದ್ದು ಅದೇ ಮಾತು. ಮೊದಲು "ಬಾಗಿಲ ತೆರೆದಿಡವ್ವ" ಎಂದು ಜೋಡಿಸಿದ್ದೆ. ಪಕ್ಕದಲ್ಲಿ ಪದದ ಸಂಖ್ಯೆ ಕೂರಬೇಕಿತ್ತು, ಅಷ್ಟುದ್ದ ಹಿಡಿಸಲಿಲ್ಲ. ಕಿತ್ತು "ಕದ ತೆರೆ" ಎಂದು ಮಾಡಿದೆ, ಹಿಡಿಸಿತು. ನಿನ್ನ ಹನ್ನೊಂದು ಬಂದದ್ದು ಹೀಗೆ. ಅದು ರುದ್ರರ ಲೆಕ್ಕವಲ್ಲ, ಸಾಲಿನ ಅಗಲದ ಲೆಕ್ಕ.

ಮೂವತ್ತೆರಡು ವರ್ಷ ಯಾರಿಗೂ ಹೇಳಲಿಲ್ಲ. ಜನ ಅದನ್ನು ಭಜನೆಯಲ್ಲಿ ಹಾಡುವಾಗ ನನಗೆ ಒಳಗೊಳಗೇ ಖುಷಿಯಾಗುತ್ತಿತ್ತು, ಸುಳ್ಳು ಯಾಕೆ ಹೇಳಲಿ.

ಗುರಲಿಂಗನ ವಿಷಯವನ್ನೂ ಇಲ್ಲೇ ಮುಗಿಸುತ್ತೇನೆ. ಅವನಲ್ಲಿ ನಾನು ನನ್ನನ್ನೇ ನೋಡಿದೆ. ಎರಡು ದಿನ ಸಿಟ್ಟು ಇಳಿಯಲಿ, ತಾನೇ ಮನೆಗೆ ಹೋಗುತ್ತಾನೆ ಎಂದುಕೊಂಡೆ. ನಿನಗೆ ಆವತ್ತೇ ಹೇಳಬೇಕಿತ್ತು. ತಪ್ಪು ನನ್ನದು, ಅಣ್ಣಾ. ಆ ತಪ್ಪಿಗೂ ಈ ಸಾಲಿಗೂ ಸೇರಿ ಆ ಹುಡುಗಿ ಯಾಕೆ ದಂಡ ತೆರಬೇಕು?

ಖಂಡಪ್ಪ

*

ಬೈಕುಲ್ಲಾ,
20 ಮಾರ್ಚ್ 1973

ಖಂಡಪ್ಪ ಕಾಕಾನವರಿಗೆ ನೀಲಾ ಮಾಡುವ ನಮಸ್ಕಾರ.

ನಿಮ್ಮ ಕಾಗದವನ್ನು ನಾನು ಮಾವನಿಗೆ ಓದಿ ಹೇಳಲಿಲ್ಲ. ಅವರು ಕೇಳಿದರು: "ಏನ್ ಬರದಾನವಾ ಖಂಡ್ಯಾ?" "ಪ್ರೆಸ್ಸಿನ್ಯಾಗ ಭಾಳ ಕೆಲಸ ಐತಂತ್ರಿ, ಆಮ್ಯಾಲೆ ಬರೀತಾರಂತ" ಎಂದೆ. ನಿಮ್ಮ ಹೆಸರಿನಲ್ಲಿ ಸುಳ್ಳು ಹೇಳಿದ್ದಕ್ಕೆ ಸಿಟ್ಟಾಗಬೇಡಿ. ಇದು ನನ್ನ ಮೊದಲ ಸುಳ್ಳೂ ಅಲ್ಲ.

ಕಾಕಾ, ಬೀಜ ಎಣಿಸಿದವರು ಯಾರೆಂದು ನೀವು ಕೇಳಿದಿರಿ. ಅದನ್ನು ಗಟ್ಟಿಯಾಗಿ ಓದುವಾಗ ಬೀಜದ ಡಬ್ಬಿಯನ್ನು ನನ್ನ ಹಿಂದೆ ಸರಿಸಿದೆ. ಎಣಿಸಿದವಳೂ ನಾನೇ, ಕೂಡಿಸಿದವಳೂ ನಾನೇ.

ಮೊದಲು ಎಣಿಸಿದ್ದು ನಲವತ್ತೆಂಟನೆಯ ಪದ. ಅದು ಮಾವನಿಗೆ ಇಷ್ಟದ್ದು. ತೊಂಬತ್ತೊಂಬತ್ತು ಬಂತು, ಅದರಲ್ಲಿ ನನ್ನ ಕೈಯಿಲ್ಲ, ಅಜ್ಜನ ಆಣೆ. ನಮ್ಮವರು ಮನೆ ಬಿಟ್ಟು ಹೋದ ಮೇಲೆ ಮಾವ ನಕ್ಕದ್ದು ಅವತ್ತೇ ಮೊದಲು. ಎರಡು ರೊಟ್ಟಿ ಹೆಚ್ಚು ತಿಂದರು. ಮರುದಿನ ಇನ್ನೊಂದು ಪದ ಎಣಿಸಿದೆ, ಮೂರು ಬೀಜ ಉಳಿದವು. ಮಾವ ಆ ಮೂರು ಬೀಜ ಮುಟ್ಟಿ ನೋಡಿದರು, ಮುಖ ಗೋಡೆಗೆ ತಿರುಗಿಸಿ ಮಲಗಿಬಿಟ್ಟರು, ಊಟ ಇಲ್ಲ. ಅದರ ಮರುದಿನ ನಾಲ್ಕು ಉಳಿದವು. ನಾಲ್ಕನ್ನೂ ಸೆರಗಿನೊಳಗೆ ಹಾಕಿಕೊಂಡೆ. "ಉಳದಾವೇನ?" ಅಂದರು. "ಇಲ್ರಿ ಮಾವಾರ" ಅಂದೆ. ಆಮೇಲೆ ಅದೇ ರೂಢಿಯಾಯಿತು. ಹೆಚ್ಚಾದರೆ ತೆಗೆಯುವುದು, ಕಡಿಮೆಯಾದರೆ ಡಬ್ಬಿಯಿಂದ ಹಾಕುವುದು. ಮೆಟ್ಟಿಲನ್ನೂ ಹಾಗೇ ಹೇಳಿದೆ. ಒಬ್ಬ ಮುದುಕ ಉಂಡು ಮಲಗಲಿ ಎಂದು ಮಾಡಿದ್ದು, ಕಾಕಾ. ಅದು ಹನ್ನೊಂದು ವರ್ಷವಾಗಿ ನನ್ನ ಕೊರಳಿಗೇ ಬಿದ್ದಿತು. ಯಾರನ್ನು ಬಯ್ಯಲಿ?

ನಿಮ್ಮ ಸಾಲಿನ ಮೇಲೆ ನನಗೆ ಸಿಟ್ಟು ಬಂದದ್ದು ನಿಜ. ಅಗಳಿ ಇಲ್ಲದ ಕೋಣೆಯಲ್ಲಿ ಏಳು ವರ್ಷ ಮಲಗಿದ್ದೇನೆ. ಓಣಿಯಲ್ಲಿ ಯಾರ ಚಪ್ಪಲಿ ಸಪ್ಪಳವಾದರೂ ಎದ್ದು ಕೂರುತ್ತೇನೆ. ಬಂದವರು ಅವರೇ ಇರಬಹುದೆಂದು ಮೊದಲೆರಡು ವರ್ಷ ಏಳುತ್ತಿದ್ದೆ. ಈಗ ಬೇರೆ ಯಾರಾದರೂ ಬಂದಾರೆಂಬ ಹೆದರಿಕೆಗೆ ಏಳುತ್ತೇನೆ. ಇದನ್ನು ಮಾವನಿಗೆ ಹೇಗೆ ಹೇಳುವುದು?

ರಾಮಪ್ಪನವರನ್ನು ನಾನೂ ನೋಡಿದ್ದೇನೆ. ಗೋದಾಮಿನ ತಕ್ಕಡಿ ಕೆಟ್ಟಾಗ ರಿಪೇರಿಗೆ ಬಂದಿದ್ದರು. ನಾನು ಚಹಾ ತಂದುಕೊಟ್ಟರೆ, "ನಿಮಗ ಐತೇನು?" ಎಂದು ಕೇಳಿದರು. ನನಗೆ ಯಾರೂ ಹಾಗೆ ಕೇಳಿರಲಿಲ್ಲ. ನನಗೆ ಹೋಗಬೇಕು ಕಾಕಾ. ಬಾಯಿಬಿಟ್ಟು ಹೇಳುತ್ತಿದ್ದೇನೆ, ನನಗೆ ಹೋಗಬೇಕು. ಆದರೆ ಲೆಕ್ಕ ಸುಳ್ಳು, ಸಾಲು ಸುಳ್ಳು ಎಂದು ಒಂದೇ ದಿನ ಹೇಳಿ ಮಾವನನ್ನು ಮೂಲೆಗೆ ಕೂರಿಸಿ ಹೋಗುವುದು ನನ್ನಿಂದ ಆಗುವುದಿಲ್ಲ.

ಉತ್ತರ ಬರೆದರೆ ಗೋದಾಮಿನ ವಿಳಾಸಕ್ಕೆ ಬರೆಯಿರಿ.

ನಿಮ್ಮ ಮಗಳಂಥ,
ನೀಲಾ

*

ಭಾಂಡುಪ್,
27 ಮಾರ್ಚ್ 1973

ಚಿರಂಜೀವಿ ನೀಲವ್ವನಿಗೆ ಆಶೀರ್ವಾದ.

ಕಾಗದ ಓದಿ ರುದ್ರವ್ವ ಅತ್ತಳು, ನಾನು ಅಳಲಿಲ್ಲ ಎಂದು ಹೇಳಿಕೊಳ್ಳುತ್ತಿದ್ದೇನೆ. ಒಬ್ಬ ಸಾಲು ಹಾಕಿದ, ಒಬ್ಬಳು ಬೀಜ ಹಾಕಿದಳು, ನಡುವೆ ಅಣವೀರಪ್ಪ ದೇವರನ್ನು ಕಂಡ. ನಮ್ಮಿಬ್ಬರನ್ನೂ ಬಯ್ಯುವ ಹಕ್ಕು ಅವನಿಗಿದೆ.

ಅವನಿಗೆ ನೀನೂ ಹೇಳಬೇಡ, ನಾನೂ ಹೇಳುವುದಿಲ್ಲ. ಹೇಳಿದರೆ ನಮ್ಮ ಮಾತು ನಂಬಬೇಕಾಗುತ್ತದೆ, ಅವನು ಇನ್ನೊಬ್ಬರ ಮಾತು ನಂಬಿ ಹಾಜರಿ ಹಾಕಿದ ಮನುಷ್ಯನಲ್ಲ. ಎದುರಿಗೆ ಬಂದು ನಿಂತವನ ಮುಖ ನೋಡಿಯೇ ಗುರುತು ಹಾಕುತ್ತಿದ್ದ. ಅವನ ಕಣ್ಣು ತೆರೆಸೋಣ. ಪೊರೆಯ ಆಪರೇಶನ್ನಿಗೆ ನಾನು ಬಂದು ಕರೆದುಕೊಂಡು ಹೋಗುತ್ತೇನೆ. ಪುಸ್ತಕದ ಪ್ರೂಫ್ ಅವನೇ ತಿದ್ದಬೇಕು, ಕಣ್ಣಿಲ್ಲದೆ ನಡೆಯುವುದಿಲ್ಲ ಎಂದು ಹೇಳುತ್ತೇನೆ. ಅದು ಸುಳ್ಳಲ್ಲ.

ನನ್ನ ಆ ಕಾಗದವನ್ನು ಹರಿಯಬೇಡ, ಬೀಜದ ಡಬ್ಬಿಯ ತಳದಲ್ಲಿ ಇಡು.

ನಿನ್ನ ಕಾಕಾ,
ಖಂಡಪ್ಪ

*

ಬೈಕುಲ್ಲಾ,
17 ಜೂನ್ 1973

ಖಂಡಪ್ಪಾ,

ಅಕ್ಷರ ದೊಡ್ಡದಾಗಿ, ಸೊಟ್ಟಗೆ ಬಿದ್ದಿವೆ. ಸೋಡಾ ಬಾಟಲಿಯ ತಳದಂಥ ಚಷ್ಮಾ ಕೊಟ್ಟಿದ್ದಾರೆ, ಆದರೆ ಬರೆಯುತ್ತಿರುವುದು ನಾನೇ. ಏಪ್ರಿಲ್‌ನಲ್ಲಿ ಕೈ ಹಿಡಿದು ಆಸ್ಪತ್ರೆಗೆ ಕರೆದುಕೊಂಡು ಹೋದೆಯಲ್ಲ, ಟ್ಯಾಕ್ಸಿಯಲ್ಲಿ ನೀನು ದಾರಿಯುದ್ದಕ್ಕೂ ಪ್ರೂಫಿನ ಮಾತೊಂದನ್ನೇ ಆಡಿದೆ. ಅದು ಯಾಕೆಂದು ಈಗ ತಿಳಿಯಿತು.

ಚಷ್ಮಾ ಬಂದ ದಿನವೇ ಪುಸ್ತಕ ತೆಗೆದೆ. ನೀಲಾ ಗೋದಾಮಿಗೆ ಹೋಗಿದ್ದಳು. ಮೊದಲನೆಯ ಪದ ಎಂಬತ್ತಾರು ಬಂತು. ಕೈ ತಪ್ಪಿತು ಎಂದುಕೊಂಡೆ. ಮತ್ತೆ ಎಣಿಸಿದೆ, ಎಂಬತ್ತಾರೇ. ಎರಡನೆಯದು ತೊಂಬತ್ತೊಂದು. ಒಂಬತ್ತು ದಿನ, ಅವಳು ಹೋದ ಮೇಲೆ ಕೂತು, ಅವಳು ಬರುವ ಹೊತ್ತಿಗೆ ಪುಸ್ತಕ ಮುಚ್ಚಿಟ್ಟೆ. ನೂರಾ ಮೂವತ್ತೆರಡರಲ್ಲಿ ಹನ್ನೆರಡು ಪದ ಹನ್ನೊಂದರ ಮಗ್ಗಿಯಲ್ಲಿ ಬಂದವು. ಹನ್ನೆರಡೇ. ಹನ್ನೊಂದಕ್ಕೆ ಒಂದು, ನಿನ್ನ ಕೆಮ್ಮಿನ ಔಷಧದ ಲೆಕ್ಕವೇ ಆಯಿತು.

ಹತ್ತನೆಯ ದಿನ ಅವಳು ರೊಟ್ಟಿ ಬಡಿಯುತ್ತಿದ್ದಳು. ನಾನು ಡಬ್ಬಿ ಎಳೆದುಕೊಂಡು ಬೀಜ ಸುರಿದೆ, ತಳದಲ್ಲಿ ನಿನ್ನ ಕಾಗದ ಸಿಕ್ಕಿತು. ಓದಿದೆ. ಅವಳು ಬಡಿಯುವುದು ನಿಲ್ಲಿಸಿದ್ದಳು.

"ಬೀಜ ನಾನ ಹಾಕಿದ್ದು, ಮಾವಾರ" ಎಂದಳು.

"ಯಾಕವಾ?"

"ನೀವು ಉಣ್ಣತಿದ್ರಿ."

ಅಷ್ಟೇ ಹೇಳಿದಳು. ನಾನು ಎದ್ದು ಹೊರಗೆ ಹೋದೆ. ಬಿಸಿಲಲ್ಲಿ ಮಾರ್ಕೆಟ್ಟಿನ ತನಕ ನಡೆದೆ, ಅಲ್ಲಿಂದ ಸ್ಟೇಶನ್ನಿಗೆ, ಅಲ್ಲಿಂದ ತಿರುಗಿ ಮಾರ್ಕೆಟ್ಟಿಗೆ. ಎಲ್ಲೂ ಕೂರಲು ಆಗಲಿಲ್ಲ.

ನಿನ್ನೊಡನೆ ಎರಡು ದಿನ ಮನಸ್ಸಿನಲ್ಲೇ ಜಗಳಾಡಿದೆ. ಸಾಲು ನೀನೇ ಹಾಕಿರಬಹುದು, ಆದರೆ ಹತ್ತೂ ಅಲ್ಲದೆ ಹನ್ನೆರಡೂ ಅಲ್ಲದೆ ಹನ್ನೊಂದೇ ಹಾಕಿಸಿದವರು ಯಾರು? ನಿನ್ನ ಕೈಯಲ್ಲಿ ಅಜ್ಜನೇ ಕೂತಿದ್ದ! ಬೀಜವನ್ನೂ ನೀಲಾಳ ಕೈಯಿಂದ ಅಜ್ಜನೇ ಹಾಕಿಸಿದ! ಹೀಗೆ ವಾದ ಹೂಡಿದರೆ ನನ್ನನ್ನು ಯಾರೂ ಸೋಲಿಸಲಾರರು ಎಂದು ಗೊತ್ತಾಯಿತು. ಆಗಲೇ ಹೆದರಿಕೆ ಬಂತು ನನಗೆ. ಬಂದವನಿಗೂ ಬಾರದವನಿಗೂ ಒಂದೇ ಗುರುತು ಹಾಕಿದರೆ ಅದು ಹಾಜರಿ ಪುಸ್ತಕವೇ? ಮಿಲ್ಲಿನಲ್ಲಿ ಯಾರಾದರೂ ಹಾಗೆ ಬರೆದಿದ್ದರೆ ನಾನೇ ಕಿವಿ ಹಿಂಡುತ್ತಿದ್ದೆ.

ಅಜ್ಜ ಇಲ್ಲವೆಂದು ನಾನು ಹೇಳುವುದಿಲ್ಲ. ಅವನ ಪದ ಕೇಳಿದರೆ ಈಗಲೂ ಕೈ ಮುಗಿಯುತ್ತೇನೆ. ಅದಕ್ಕೆ ಹನ್ನೊಂದು ಬೇಕಾಗಿಲ್ಲ, ಮೊದಲೂ ಬೇಕಾಗಿರಲಿಲ್ಲ. ನನಗೆ ಬೇಕಾಗಿದ್ದದ್ದು ಅಜ್ಜ ಇದ್ದಾನೆಂಬ ಸಾಕ್ಷಿಯಲ್ಲ, ಮಗ ಬರುತ್ತಾನೆಂಬ ಸಾಕ್ಷಿ. ಮೂವತ್ತು ವರ್ಷ ಯಾರ ಮಗನೇ ಇರಲಿ, ಬಾರದಿದ್ದರೆ ಗೈರು ಹಾಜರ್ ಎಂದು ಬರೆದವನು ನಾನು. ನನ್ನ ಮಗನ ಹೆಸರಿನ ಮುಂದೆ ಮಾತ್ರ ಏಳು ವರ್ಷ ಏನೂ ಬರೆಯದೆ ಬಿಟ್ಟೆ.

ವಕೀಲರ ಕಾಗದ ತೆಗೆದುಕೊಂಡು ಬಾ. ರುದ್ರವ್ವನನ್ನೂ ಕರೆದುಕೊಂಡು ಬಾ, ಸಹಿ ಹಾಕುವಾಗ ನನ್ನ ಹತ್ತಿರ ಯಾರಾದರೂ ಇರಬೇಕು. ನೀಲಾ ಇರುವುದು ಬೇಡ.

ಅಣವೀರಪ್ಪ

*

ಬೈಕುಲ್ಲಾ,
29 ಜುಲೈ 1974

ಖಂಡಪ್ಪನಿಗೆ,

ಮಳೆಗೆ ಲೋಕಲ್ ನಿಂತು ನೀನು ಪಂಚಮಿಗೆ ಬರಲಾಗಲಿಲ್ಲ ಎಂದು ಕೇಳಿದೆ. ನಿನ್ನ ಪಾಲಿನ ಉಂಡಿ ಡಬ್ಬಿಯಲ್ಲಿದೆ. ಅದೇ ಬೀಜದ ಡಬ್ಬಿ, ತೊಳೆಸಿದ್ದೇನೆ.

ಕೋರ್ಟು ತಿರುಗಿಸಿ ತಿರುಗಿಸಿ ಕೊನೆಗೆ ಬಿಡುಗಡೆ ಕೊಟ್ಟಿತು, ಉಡಕಿ ಮುಗಿದು ನೀಲಾ ಅಂಧೇರಿಗೆ ಹೋಗಿ ನಾಲ್ಕು ತಿಂಗಳಾಯಿತಲ್ಲ. ಅವಳು ಹೋದ ಮೇಲೆ ಈ ಕೋಣೆಯಲ್ಲಿ ನಾನು ಏನೆಲ್ಲ ಎಣಿಸಿದೆ ಎಂದು ಕೇಳಬೇಡ. ಹೆಂಚು, ಕಿಟಕಿಯ ಸರಳು, ಎದುರಿನ ಚಾಳಿನಲ್ಲಿ ಒಣಹಾಕಿದ ಸೀರೆ, ಎಲ್ಲ. ಕೈ ಸುಮ್ಮನಿರುವುದಿಲ್ಲ. ಒಂದು ದಿನ ಕೆಳಗಿಳಿದು ಮೆಟ್ಟಿಲನ್ನೂ ಎಣಿಸಿದೆ.

ಪಂಚಮಿ ಬಂತು. ಹೆಣ್ಣುಮಕ್ಕಳನ್ನು ತವರಿಗೆ ಕರೆದುಕೊಂಡು ಬರುವ ಹಬ್ಬ. ನೀಲಾಗೆ ತವರಲ್ಲಿ ಯಾರೂ ಉಳಿದಿಲ್ಲ, ನಿನಗೆ ಗೊತ್ತು. ಹಿಂದಿನ ದಿನ ರಾಮಪ್ಪನ ಮನೆಗೆ ಹೋಗಿ ಬಾಗಿಲಲ್ಲಿ ನಿಂತೆ. "ಮಾವಾರ, ನೀವ್ಯಾಕ ಬಂದ್ರಿ?" ಎಂದು ಗಾಬರಿಯಾದಳು. "ಮಾವ ಅನಬ್ಯಾಡ. ಪಂಚಮಿಗೆ ಮಗಳ್ನ ಕರಕೊಂಡ ಹೋಗಾಕ ಬಂದೀನಿ" ಎಂದೆ. ಅವಳು ಒಳಗೆ ಹೋಗಿ ಗಂಟು ಕಟ್ಟತೊಡಗಿದಳು. ರಾಮಪ್ಪ ನನಗೆ ಚಹಾ ಕೊಟ್ಟು, "ಆಕೀಗೂ ಒಂದ ಕಪ್ ಇಟ್ಟೀನ್ರಿ" ಎಂದ. ಒಳ್ಳೆಯ ಮನುಷ್ಯ.

ಮೂರು ದಿನ ಇದ್ದಳು. ಮೊದಲ ರಾತ್ರಿ ಅವಳೇ ಬಾಗಿಲ ಹತ್ತಿರ ಹೋಗಿ ನಿಂತು ನನ್ನ ಮುಖ ನೋಡಿದಳು. ನಾನು ಎದ್ದು ಹೊಸ ಅಗಳಿ ಹಾಕಿದೆ. ಯಾರಾದರೂ ಬಡಿದರೆ ಎದ್ದು ತೆರೆಯುತ್ತೇನೆ, ನನಗಿನ್ನೂ ಕೈಕಾಲು ಇವೆ. ಅವಳು ಬಿಸಿಲು ಒಳಗೆ ಬರುವವರೆಗೆ ಮಲಗಿದ್ದಳು. ಈ ಮನೆಯಲ್ಲಿ ಅವಳು ಹಾಗೆ ಮಲಗಿದ್ದನ್ನು ನಾನು ಎಂದೂ ನೋಡಿರಲಿಲ್ಲ. ನನಗೆ ನಿದ್ದೆ ಬರಲಿಲ್ಲ, ಅದು ಬೇರೆ ಮಾತು. ಹೆಜ್ಜೆ ಸಪ್ಪಳಕ್ಕೆ ಕಿವಿ ಈಗಲೂ ನಿಲ್ಲುತ್ತದೆ.

ಪುಸ್ತಕ ಮತ್ತೆ ಅಚ್ಚು ಮಾಡೋಣ ಖಂಡಪ್ಪಾ. ಲೆಕ್ಕ ಬೇಡ, ಪದ ಮಾತ್ರ ಸಾಕು. ನಲವತ್ತೆಂಟರ ಕೊನೆಯ ಸಾಲಿನ ಕೆಳಗೆ ಸಣ್ಣಗೆ ನಿನ್ನ ಹೆಸರು ಹಾಕು. ತೆಗೆಯಬೇಡ, ಅದು ನನಗೆ ಬೇಕು.

ಮೆಟ್ಟಿಲ ಮಾತು ಅರ್ಧಕ್ಕೆ ಬಿಟ್ಟೆ. ಮೂವತ್ನಾಲ್ಕು ಇವೆ. ಹನ್ನೊಂದಕ್ಕೆ ಕೂಡುವುದಿಲ್ಲ. ಪಂಚಮಿಗೆ ಕರೆತಂದ ದಿನ ಅವಳು ಗಂಟು ಬಗಲಲ್ಲಿಟ್ಟುಕೊಂಡು ನನ್ನ ಮುಂದೆ ಮುಂದೆ ಹತ್ತಿದಳು, ನಾನು ಹಿಂದಿನಿಂದ ಎಣಿಸುತ್ತ ಬಂದೆ. ಮೂವತ್ನಾಲ್ಕನೆಯದಕ್ಕೆ ಕಾಲಿಟ್ಟು ಕದ ತಾನೇ ತೆರೆದಳು.

ನಿನ್ನ,
ಅಣವೀರಪ್ಪ